ಲಿಂಬಿಹಣ್ಣಿಗೆ ಹೆದರಿದ ಡ್ರೋನ್

ನಮ್ಮ ಅತ್ತೆ ಶಿವಗಂಗವ್ವ ಯಾವ ಹೊಸ ಯಂತ್ರವನ್ನೂ ಪೂಜೆಯಿಲ್ಲದೆ ಮನೆಯೊಳಗೆ ಬಿಟ್ಟುಕೊಂಡವರಲ್ಲ. ಟ್ರ್ಯಾಕ್ಟರ್ ಬಂದಾಗ ಅದರ ಮೂತಿಗೆ ವಿಭೂತಿ ಹಚ್ಚಿದರು. ಬೋರಿನ ಮೋಟರಿಗೆ ಕಾಯಿ ಒಡೆದರು. ಮಿಕ್ಸರ್ ಬಂದ ದಿನ ಅದಕ್ಕೆ ಕುಂಕುಮವಿಟ್ಟು, ಬಾಯಿ ಸಿಹಿಯಾಗಲೆಂದು ಮೊದಲು ಸಕ್ಕರೆ ರುಬ್ಬಿ, ಆಮೇಲೇ ಶೇಂಗಾ ಚಟ್ನಿಗೆ ಕೈಹಾಕಿದರು. ಆದ್ದರಿಂದ ತುಕ್ಕಾನಟ್ಟಿಯ ನಮ್ಮ ಪಡಸಾಲೆಯಲ್ಲಿ ಡ್ರೋನ್ ಬಂದು ಕೂತಾಗ ಅವರು ಸುಮ್ಮನಿರಲಿಲ್ಲ ಎಂಬುದು ದೊಡ್ಡ ಸುದ್ದಿಯಲ್ಲ. ಅವರನ್ನು ಮಾತಿನಲ್ಲಿ ಗೆದ್ದೆ ಎಂದು ನಾನು ನಂಬಿದ್ದೇ ದೊಡ್ಡ ಸುದ್ದಿ.

ಡ್ರೋನ್ ನಮ್ಮ ಮಹಿಳಾ ಸಂಘಕ್ಕೆ ಬಂದದ್ದು, ಕಬ್ಬಿಗೆ ಔಷಧಿ ಹೊಡೆಯಲು. ಬಂದದ್ದು ನಿಜ, ಉಳಿಯುವುದು ಖಚಿತವಿರಲಿಲ್ಲ. ಗೋಕಾಕದಲ್ಲಿ ನನಗೆ ಹಾರಿಸಲು ಕಲಿಸಿದ ರಾವಸಾಹೇಬ ಸರ್ ಅಂದು ಊರಿಗೇ ಬಂದು ನೋಡುವವರಿದ್ದರು. ಉದ್ದಪ್ಪ ಕಾಕಾನ ಕಬ್ಬಿನ ಮೇಲೆ ಸರಿಯಾಗಿ ಹಾರಿಸಿದರೆ ಯಂತ್ರ ನಮ್ಮದು, ನಾನು ಅದರ ಚಾಲಕಿ. ಇಲ್ಲವಾದರೆ ಅದೇ ಸಂಜೆ ಅದು ಹುಕ್ಕೇರಿಯ ಸಂಘಕ್ಕೆ. ಹುಕ್ಕೇರಿಯವರು ಆಗಲೇ ಅದನ್ನಿಡಲು ಕೋಣೆ ತೊಳೆದಿಟ್ಟಿದ್ದಾರೆಂದು ಸುದ್ದಿಯಿತ್ತು. ನಾನು ಬಿ.ಎಸ್ಸಿ. ಮುಗಿಸಿ ಮದುವೆಯಾಗಿ ಬಂದವಳು. ಓದಿದ ವಿದ್ಯೆ ಅಲ್ಲಿಯವರೆಗೆ ಉಪಯೋಗವಾದದ್ದು ಔಷಧಿ ಬಾಟಲಿಯ ತಾರೀಖು ನೋಡುವುದಕ್ಕೆ ಮಾತ್ರ.

ಬೆಳಿಗ್ಗೆ ಅತ್ತೆ ಆರತಿ ತಟ್ಟೆ ಹಿಡಿದು ಬಂದರು. ಚೆಂಡು ಹೂವಿನ ಹಾರವೂ ಇತ್ತು.

"ಹಾರ ಬ್ಯಾಡ್ರಿ ಅತ್ತಿ. ರೆಕ್ಕಿಗೆ ಸಿಕ್ರ ಚೂರ ಚೂರ ಆಗತೈತಿ."

"ವಿಭೂತಿ?"

"ಕಾಲಿಗೆ ಹಚ್ರಿ. ಕಣ್ಣಿಗೆ ಹಚ್ಚಬ್ಯಾಡ್ರಿ, ಕುರುಡ ಆಗತೈತಿ."

"ಲಿಂಬಿಹಣ್ಣ?"

"ಅದೂ ಬ್ಯಾಡ್ರಿ."

"ಮೆಣಸಿನಕಾಯಿ ಅಷ್ಟರ?"

"ಏನೂ ಜೋತಾಡಬಾರದ್ರಿ."

"ಇಡೀ ಊರ ನೋಡಾಕ ಬರತೈತಿ. ಹಂಗ ಬರಿಮೈಲೆ ಕಳಸತಿ ಇದನ್ನ?"

ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ ನನ್ನ ಗಂಡ ಮಲ್ಲೇಶ ನಡುವೆ ಬಾಯಿ ಹಾಕಿದ. "ಬಿಡಬೇ ಯವ್ವಾ. ಗ್ಯಾಸ್ ಬಂದ್ ಮಾಡೇನೋ ಇಲ್ಲೋ ಅಂತ ಮೂಡಲಗಿ ಸಂತಿಯಿಂದ ಹೊಳ್ಳಿ ಬಂದಾಕಿ ಈಕಿ. ಈಕಿ ಕಣ್ಣ ತಪ್ಪಿಸಿ ಯಾವ ದೃಷ್ಟಿ ಬೀಳತೈತಿ?"

ಅತ್ತೆ ಕಾಲಿಗಷ್ಟೇ ವಿಭೂತಿ ಹಚ್ಚಿ ತಟ್ಟೆ ಬದಿಗಿಟ್ಟರು. ನನಗೆ ಅದರಿಂದಲೇ ಸಂಶಯ ಬರಬೇಕಿತ್ತು. ಆದರೆ ನಾನು ಬ್ಯಾಟರಿ ನೋಡಿದೆ, ರೆಕ್ಕೆಗಳ ತಿರುಪು ನೋಡಿದೆ, ಔಷಧಿ ತುಂಬುವ ಟಾಕಿಯ ಮುಚ್ಚಳ ನೋಡಿದೆ, ಮತ್ತೆ ಬ್ಯಾಟರಿ ನೋಡಿದೆ. ಆಮೇಲೆ ಸೀರೆ ಬದಲಿಸಲು ಒಳಗೆ ಹೋದೆ.

ಹೊಲದ ಬದಿಯಲ್ಲಿ ಜನ ನೆರೆದಿತ್ತು. ಸಂಘದ ಅಧ್ಯಕ್ಷೆ ಕೆಂಪವ್ವ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಗಂಡಸರು ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯುವಾಗ, ಕಬ್ಬಿನೊಳಗೆ ನುಗ್ಗಿ ನುಗ್ಗಿ ಅವರಿಗೆ ನೀರು ಹೊತ್ತು ಕೊಟ್ಟವಳು ಅವಳು. ಕಬ್ಬಿನ ಒಣಗರಿ, ರವದಿ, ಗೀರಿದ ಗುರುತುಗಳು ಅವಳ ಕೈಮೇಲೆ ಇನ್ನೂ ಇವೆ. "ಇನ್ನ ನಾ ಹೊಲದ ಬಾಂದಿನ ಮ್ಯಾಲ ಕುಂತು ಚಾ ಕುಡಕೋತ ಔಷಧಿ ಹೊಡಸಾಕಿ," ಎಂದು ಎಲ್ಲರಿಗೂ ಹೇಳುತ್ತಿದ್ದಳು. ಜನರ ಬೆನ್ನ ಹಿಂದಿದ್ದ ಡಾಂಬರು ರಸ್ತೆಯ ಅರ್ಧಕ್ಕೆ ಗೋವಿನಜೋಳ ಒಣಹಾಕಿದ್ದರು.

ಮೊದಲ ದಿನವಾದ್ದರಿಂದ ಟಾಕಿಯಲ್ಲಿ ಬರೀ ನೀರು. ಡ್ರೋನಿನ ಹೊಟ್ಟೆಯ ಕೆಳಗೊಂದು ರಡಾರ್ ಇದೆ. ಅದು ಕೆಳಗಿನ ಬೆಳೆಯನ್ನು ನೋಡುತ್ತ, ಅದರಿಂದ ಎರಡಾಳೆತ್ತರ ದೂರ ಕಾಯ್ದುಕೊಂಡು ಡ್ರೋನನ್ನು ಹಾರಿಸುತ್ತದೆ. ಬೆಳೆ ಎತ್ತರವಾದರೆ ಡ್ರೋನೂ ಏರುತ್ತದೆ.

"ನೀವೇನ ಚಿಂತಿ ಮಾಡಬ್ಯಾಡ್ರಿ ದಾಕ್ಷಾಯಿಣಿಯವರ," ಎಂದರು ರಾವಸಾಹೇಬ ಸರ್. "ಎಲ್ಲಾ ಅದಽ ನೋಡ್ಕೋತೈತಿ."

ಚಿಂತೆ ಮಾಡಬೇಡಿ ಎಂದು ಯಾರಾದರೂ ಹೇಳಿದರೆ ನನ್ನ ಚಿಂತೆ ಶುರುವಾಗುತ್ತದೆ. ರಿಮೋಟಿನ ಕೋಲು ಮೇಲಕ್ಕೆ ತಳ್ಳಿದೆ.

ಡ್ರೋನ್ ಎದ್ದಿತು. ಜನ ಹೋ ಎಂದರು. ಕಬ್ಬಿನ ಸುಳಿ ದಾಟಿತು. ಮತ್ತೊಮ್ಮೆ ಹೋ ಎಂದರು. ಎರಡಾಳೆತ್ತರ ದಾಟಿತು, ಬೇವಿನ ಮರ ದಾಟಿತು. ಹೋ ನಿಂತಿತು. ನಾನು ಕೋಲನ್ನು ಕೆಳಗೆ ಎಳೆದೆ. ಅದು ಮೊಳದಷ್ಟು ಇಳಿದು, ಕಾಲಿಗೆ ಏನೋ ಚುಚ್ಚಿದಂತೆ ಚಂಗನೆ ಮತ್ತೂ ಮೇಲೆ ಹಾರಿತು. ಇನ್ನೊಮ್ಮೆ ಎಳೆದೆ. ಇನ್ನೊಮ್ಮೆ ಹಾರಿತು.

"ಎಲ್ಲಿಗೆ ಹೊಂಟೈತದು?" ಎಂದು ಯಾರೋ ಕೇಳಿದರು.

"ಹುಕ್ಕೇರಿಗೆ," ಎಂದ ಉದ್ದಪ್ಪ ಕಾಕಾ. "ಹಾದಿ ಗೊತ್ತೈತಿ ಅದಕ್ಕ."

ಗಾಳಿ ಅದನ್ನು ಮೆಲ್ಲಗೆ ರಸ್ತೆಯ ಕಡೆ ತಳ್ಳಿತು. ಟಾಕಿಯ ಪಂಪು ಚಾಲೂ ಇತ್ತು. ಒಂದು ಮೋಡವೂ ಇಲ್ಲದ ಆಕಾಶದಿಂದ ಸಣ್ಣ ತುಂತುರು ಇಳಿಯಿತು. ರಸ್ತೆಯಲ್ಲಿದ್ದ ಹೆಂಗಸರು "ಮಳಿ ಬಂತು, ಕಾಳ ಕೂಡಸ್ರಿ," ಎನ್ನುತ್ತ ಸೆರಗು ಬಿಗಿದು ಗೋವಿನಜೋಳವನ್ನು ಎಳೆದು ಗುಂಪಿ ಹಾಕತೊಡಗಿದರು. ರಸ್ತೆಯಲ್ಲಿ ನಿಂತ ಬೈಕೊಂದರ ಹಿಂದಿನ ಸೀಟಿನಲ್ಲಿದ್ದ ಅಜ್ಜ ಕೊಡೆ ಬಿಚ್ಚಿದ. ನಾನು ರಿಮೋಟು ಹಿಡಿದು ಡ್ರೋನಿನ ಕೆಳಗೆ ಓಡಿದೆ. ನನ್ನ ಹಿಂದೆ ಸರ್, ಸರ್ ಹಿಂದೆ ಕೆಂಪವ್ವ, ಕೆಂಪವ್ವನ ಹಿಂದೆ ಅರ್ಧ ತುಕ್ಕಾನಟ್ಟಿ. ಎಲ್ಲರ ಕತ್ತೂ ಆಕಾಶಕ್ಕೆ, ಕಾಲು ಕಾಲುವೆಯ ಕೆಸರಿಗೆ. ನನಗೆ ಅಳು ಬರಬೇಕಿತ್ತು. ಬಂದದ್ದು ನಗು. ತಡೆಯಲಾಗದ, ಹೊಟ್ಟೆ ಹಿಡಿದುಕೊಳ್ಳುವ ನಗು. ಬ್ಯಾಟರಿ ಇಳಿಯುತ್ತಿದೆ ಎಂದು ರಿಮೋಟು ಕುಂಯ್ಗುಡುತ್ತಿತ್ತು, ನಾನು ನಗುತ್ತಿದ್ದೆ.

ನಗುತ್ತಲೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಊರೆಲ್ಲ ಮೇಲೆ ನೋಡುತ್ತಿತ್ತು. ಒಬ್ಬರು ಮಾತ್ರ ತಮ್ಮ ಕಾಲುಂಗುರ ನೋಡುತ್ತ ನಿಂತಿದ್ದರು.

"ಅತ್ತಿ," ಎಂದೆ. "ಏನ ಕಟ್ಟೀರಿ?"

"ಸಣ್ಣದವಾ. ಒಂದಽ ಲಿಂಬಿಹಣ್ಣ."

"ಎಲ್ಲಿ?"

"ಹೊಟ್ಟಿ ಕೆಳಗ. ಯಾರ ಕಣ್ಣಿಗೂ ಬೀಳದಂಗ ಕಟ್ಟೀನಿ. ಉದ್ದ ದಾರ ಹಾಕೀನಿ, ರೆಕ್ಕಿಗೆ ಸಿಗಬಾರದಂತ."

ಯಾರ ಕಣ್ಣಿಗೂ ಬಿದ್ದಿರಲಿಲ್ಲ, ರಡಾರಿನ ಕಣ್ಣೊಂದನ್ನು ಬಿಟ್ಟು. ಪಾಪ, ಅದು ಆ ಲಿಂಬಿಹಣ್ಣನ್ನೇ ಉದ್ದಪ್ಪ ಕಾಕಾನ ಕಬ್ಬು ಎಂದುಕೊಂಡಿತ್ತು. ಅದರಿಂದ ಎರಡಾಳೆತ್ತರ ದೂರ ಸರಿಯಲು ಏರುತ್ತಿತ್ತು. ಲಿಂಬಿಹಣ್ಣೂ ಜೊತೆಗೇ ಏರುತ್ತಿತ್ತು. ಹೀಗೆಯೇ ಬಿಟ್ಟರೆ ಚಂದ್ರಲೋಕದವರೆಗೂ ಇಬ್ಬರಿಗೂ ಬಿಡುಗಡೆಯಿರಲಿಲ್ಲ.

"ರಡಾರ್ ಬಂದ್ ಮಾಡತೇನ್ರಿ ಸರ್."

"ಬ್ಯಾಡ್ರಿ. ಬಂದ್ ಮಾಡಿದ್ರ ಅದಕ್ಕ ಕಣ್ಣಽ ಇರೂದಿಲ್ಲ. ಬಿದ್ರ ನಿಮ್ಮ ಸಂಘದ ಕತಿ ಮುಗೀತು."

"ನನಗ ಅದಾವಲ್ರಿ ಕಣ್ಣ," ಎಂದೆ. ಹೇಳಿಯಾದಮೇಲೆ, ಹೀಗೆ ಅಂದವಳು ನಾನೇನಾ ಎಂದು ನನಗೇ ಗಾಬರಿಯಾಯಿತು. ಅಷ್ಟರಲ್ಲಿ ಬೆರಳು ಗುಂಡಿ ಒತ್ತಿಯಾಗಿತ್ತು.

ಡ್ರೋನ್ ಒಮ್ಮೆ ತೂಗಾಡಿ ನಿಂತಿತು. ಕೋಲು ಎಳೆದೆ. ಇಳಿಯಿತು. ಎಡಕ್ಕೆ ವಿದ್ಯುತ್ ತಂತಿ, ಬಲಕ್ಕೆ ಬೇವು, ಕೆಳಗೆ ಗೋವಿನಜೋಳದ ಗುಂಪಿ, ಗುಂಪಿಯ ಹಿಂದೆ ಕೊಡೆ ಹಿಡಿದ ಅಜ್ಜ. ಹಾಲು ಉಕ್ಕುವ ಮೊದಲ ಗುಳ್ಳೆಯನ್ನು ಬಾಗಿಲಾಚೆಯಿಂದ ಗುರುತಿಸುವ ನನ್ನ ಈ ಕಣ್ಣು ಅಷ್ಟನ್ನೂ ಒಟ್ಟಿಗೆ ನೋಡಿತು. ಮೊದಲು ಲಿಂಬಿಹಣ್ಣು ನೆಲ ಮುಟ್ಟಿತು. ಅದರ ಮೇಲೆ, ಕೋಳಿ ತತ್ತಿಯ ಮೇಲೆ ಕೂತಂತೆ, ಡ್ರೋನ್ ಕೂತಿತು.

ಸರ್ ಬಗ್ಗಿ ನೋಡಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಅವರ ಭುಜ ಅಲುಗುತ್ತಿತ್ತು. ಎದ್ದಾಗ ಕಣ್ಣೊರೆಸಿಕೊಂಡು, "ಹುಕ್ಕೇರಿಯವರಿಗೆ ಇದನ್ನ ಕಲಿಸಿಲ್ಲ ನಾ," ಎಂದರು. "ಬ್ಯಾಟರಿ ಬದಲ ಮಾಡ್ರಿ. ಇನ್ನೊಮ್ಮೆ ಹಾರಸ್ರಿ. ಈ ಸಲ ಹಣ್ಣ ಇಲ್ಲದ."

ಅತ್ತೆ ದಾರ ಹರಿದು ಲಿಂಬಿಹಣ್ಣು ಕೈಗೆ ತೆಗೆದುಕೊಂಡರು. ಎಸೆಯಲಿಲ್ಲ. ನೇರ ನನ್ನ ಬಳಿ ಬಂದು, ನನ್ನ ಸೆರಗಿನ ತುದಿಗೆ ಅದನ್ನು ಗಂಟು ಹಾಕಿ ಟೊಂಕಕ್ಕೆ ಸಿಗಿಸಿದರು.

"ದೃಷ್ಟಿ ಮಷೀನಿಗಲ್ಲ ಬೀಳೂದು, ನಿನಗವಾ," ಎಂದರು. "ನನಗ ಈಗ ತಿಳೀತು."

ಎರಡನೆಯ ಸಲ ಡ್ರೋನ್ ಕಬ್ಬಿನ ಸಾಲಿನ ಮೇಲೆ ಬಾಚಣಿಗೆ ಆಡಿಸಿದಂತೆ ಹೋಗಿ ಬಂತು. ಉದ್ದಪ್ಪ ಕಾಕಾ ಚಪ್ಪಾಳೆ ತಟ್ಟಿದ. ಸರ್ ಹುಕ್ಕೇರಿಗೆ ಫೋನ್ ಹಚ್ಚಿ, ಕೋಣೆಯಲ್ಲಿ ಬೇರೆ ಏನಾದರೂ ಇಟ್ಟುಕೊಳ್ಳಿರೆಂದು ಹೇಳಿದರು. ಕೆಂಪವ್ವ ಬಾಂದಿನ ಮೇಲೆ ಕೂತು, ಹೇಳಿದ ಹಾಗೆಯೇ, ಚಹಾ ತರಿಸಿಕೊಂಡಳು.

ರಸ್ತೆಯಿಂದ ಒಬ್ಬಾಕೆ ಕೂಗಿದಳು. "ಏ ದಾಕ್ಷಾ, ಕಾಳ ಮತ್ತ ಹರವೂದೋ, ಇನ್ನೊಮ್ಮೆ ಮಳಿ ಐತೋ?"

"ಹರವ್ರಿ," ಎಂದೆ. ಹೇಳಿಯಾದಮೇಲೆ ಟಾಕಿಯ ಪಂಪು ಬಂದ್ ಆಗಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ಹೋಗಿ ನೋಡಿ ಬಂದೆ. ಬಗ್ಗಿ, ಡ್ರೋನಿನ ಹೊಟ್ಟೆಯ ಕೆಳಗೂ.