ಅಜ್ಜನ ಕೈ

ಟಿಕ್ ಟಿಕ್ ಟಿಕ್ — ಹಕ್ಕಿ ಕಿಟಕಿಯ ಗಾಜನ್ನು ಕುಕ್ಕುತ್ತಿದೆ ಎಂದುಕೊಂಡಳು ಆಪರೇಷನ್ ಕೋಣೆಯ ನರ್ಸು ಎನಿಫಾ, ಹಕ್ಕಿಯಲ್ಲ, ಪಕ್ಕದ ನಲ್ಲಿಯಲ್ಲಿ ಕೈ ತೊಳೆಯುತ್ತಿರುವ ಡಾಕ್ಟರ್ ಲೈಡ್‌ಲಾ, ಅವರ ಬೆರಳಲ್ಲಿರುವ ಬ್ರಷ್ಷು ತೊಟ್ಟಿಯ ಅಂಚಿಗೆ ಬಡಿಯುತ್ತಿದೆ, ತನ್ನಷ್ಟಕ್ಕೆ ತಾನೇ, ಅವರಿಗೆ ಗೊತ್ತೇ ಇಲ್ಲದ ಹಾಗೆ, ಅಥವಾ ಗೊತ್ತಿದ್ದೂ, ಅವರು ಹೊರಗೆ ನೋಡುತ್ತಿದ್ದಾರೆ, ಮಾವಿನ ಮರದಡಿ ಹಳದಿ ಅಂಗಿಯ ಒಂಬತ್ತು ಮಂದಿ, ಸ್ಕಾಟ್ಲೆಂಡಿನಿಂದ ಬಂದ ದಾನಿಗಳು, ನಿನ್ನೆಯಿಡೀ ಹೆರಿಗೆ ವಾರ್ಡಿಗೆ ಸುಣ್ಣ ಬಳಿದವರು, ಇವತ್ತು ಅಜ್ಜನ ಕೈಚಳಕವನ್ನು ಬಾಗಿಲ ಗಾಜಿನಿಂದ ನೋಡಲು ಕಾದಿರುವವರು. ಅಗೋಗೊ, ಅಜ್ಜ, ಇಡೀ ಊರು ಡಾಕ್ಟರನ್ನು ಕರೆಯುವುದೇ ಹಾಗೆ, ಇಪ್ಪತ್ತೆರಡು ವರ್ಷದಿಂದ ಪ್ರತಿ ಜೂನಿಗೆ, ಇಲ್ಲಿ ಅದು ಚಳಿಗಾಲ, ಪೆಟ್ಟಿಗೆಗಳ ಜೊತೆ ಬಂದಿಳಿಯುತ್ತಾರೆ, ಹೊಲಿಗೆಯ ದಾರ, ಕೈಗವಸು, ಆಪರೇಷನ್ ದೀಪ, ಹೊರಗಿನ ಕೊಳವೆಬಾವಿ, ಎಲ್ಲ ಅವರು ತಮ್ಮ ದೇಶದಲ್ಲಿ ಚರ್ಚಿನಿಂದ ಚರ್ಚಿಗೆ ತಿರುಗಿ ಬೇಡಿ ತಂದದ್ದು, ಎನಿಫಾಳ ಹೊಟ್ಟೆಯ ಮೇಲಿನ ಗೆರೆಯೂ ಅವರದೇ, ಅಡ್ಡ ತಿರುಗಿದ್ದ ಮಗಳನ್ನು ಹೊರಗೆ ತೆಗೆದ ಕೈ ಅದು, ಆ ಕೈ ಸರಿಯಿಲ್ಲ ಎನ್ನುವ ಮಾತು ಬಾಯಿಗೆ ಹೇಗೆ ಬಂದೀತು. ಆದರೆ ಸೋಮವಾರ, ಬರೀ ಅಂಡವಾಯುವಿನ ಆಪರೇಷನ್, ಕಣ್ಣು ಮುಚ್ಚಿ ಮಾಡುವಂಥದ್ದು, ಅಜ್ಜನ ಚಾಕು ಜಾರಿತು, ರಕ್ತ ಕಾರಂಜಿಯಂತೆ ಚಿಮ್ಮಿತು, ಕಲುವಾ ಬೆರಳು ಒತ್ತಿ ಹಿಡಿದ, ಹನ್ನೆರಡು ವರ್ಷ ಅಜ್ಜನ ಎದುರು ನಿಂತು ಕೆಲಸ ಕಲಿತವನು, ಅಜ್ಜ ಇಲ್ಲದ ಹನ್ನೊಂದು ತಿಂಗಳೂ ಚಾಕು ಹಿಡಿಯುವವನು ಅವನೇ. ಆಮೇಲೆ ಎನಿಫಾ ಕೇಳಿದ್ದಳು, ನೋಡಿದ್ಯಲ್ಲ ಕಲುವಾ. ನಾನೇನೂ ನೋಡ್ಲಿಲ್ಲ. ರಕ್ತ ನಿಲ್ಸಿದ್ದು ನಿನ್ನ ಬೆರಳೇ ಅಲ್ವೇನೋ. ನೋಡಿ ಏನ್ ಮಾಡ್ಲಿ ಅಕ್ಕಾ, ನಂಗೆ ಚಾಕು ಹಿಡಿಯೋಕೆ ಕಲಿಸಿದ್ದು ಅವ್ರು. ಆಸ್ಪತ್ರೆ ನಡೆಸುವ ಪಾದ್ರಿ ಮ್ಬೇವೆಯವರಂತೂ — ಅಜ್ಜನಿಗೆ ಎಪ್ಪತ್ನಾಲ್ಕು ವಯಸ್ಸು ಸಿಸ್ಟರ್, ಸ್ವಲ್ಪ ನಡುಗುತ್ತೆ, ನನ್ನ ಕೈನೂ ನಡುಗುತ್ತೆ. ನಿಮ್ಮ ಕೈಲಿರೋದು ಬೈಬಲ್ಲು ಪಾದ್ರಿಗಳೇ. ಅವರು ನಗಲಿಲ್ಲ, ಅಜ್ಜ ಮುನಿಸ್ಕೊಂಡು ಹೋದ್ರೆ ಹಳದಿ ಅಂಗಿಯವ್ರೂ ಹೋಗ್ತಾರೆ, ಆಮೇಲೆ ಅರಿವಳಿಕೆ ಔಷಧಿ ನಿಮ್ಮ ಅಡುಗೆಮನೇಲಿ ಕಾಯಿಸ್ತೀರೇನು.

ಅಜ್ಜನಿಗೇ ಹೇಳಿದ್ದಾಯಿತಲ್ಲ, ಬೆಳಗಿನ ಚಹಾದ ಹೊತ್ತಿಗೆ, ಅಜ್ಜಾ, ಇವತ್ತು ಕಲುವಾ ಮಾಡ್ಲಿ, ನೀವು ಪಕ್ಕದಲ್ಲಿ ನಿಂತು ಹೇಳಿ, ಅಂತ, ಅಜ್ಜ ಎರಡೂ ಕೈಯಲ್ಲಿ ಬಟ್ಟಲು ಹಿಡಿದಿದ್ದರು, ಯಾಕೆ ಮಗಳೇ, ನನ್ನನ್ನ ಮನೆಗೆ ಕಳಿಸ್ತೀಯಾ, ಅಲ್ಲಿ ಯಾರಿದಾರೆ, ಎಂದು ನಕ್ಕರು, ತೀರಿಕೊಂಡ ಹೆಂಡತಿಯ ಹೆಸರು ಹೆರಿಗೆ ವಾರ್ಡಿನ ಗೋಡೆಯ ಮೇಲಿದೆ, ಅವರಿಗಿರುವ ಮನೆ ಅಷ್ಟೇ. ಒಳಗೆ ಮೇಜಿನ ಮೇಲೆ ತಮಾಂಡಾ, ಶಾಲೆಯ ಟೀಚರು, ಚರ್ಚಿನಲ್ಲಿ ಹಾಡು ಎತ್ತಿಕೊಡುವವಳು, ಕತ್ತಿನಲ್ಲಿ ಮುಷ್ಟಿಗಾತ್ರದ ಗಡ್ಡೆ, ಅದರ ಹಿಂದೆ ದಾರದಷ್ಟು ತೆಳು ನರ, ಅದಕ್ಕೆ ಚಾಕು ತಾಗಿದರೆ ದನಿ ಹೋಯಿತು, ಪಕ್ಕದ ರಕ್ತನಾಳಕ್ಕೆ ತಾಗಿದರೆ — ನಿನ್ನೆ ಸಂಜೆ ತಮಾಂಡಾ ಮೆಕ್ಕೆಜೋಳದ ನ್ಸಿಮಾ ಮುದ್ದೆಯನ್ನು ಸೊಪ್ಪಿನಲ್ಲಿ ಅದ್ದುತ್ತ ಕೇಳಿದ್ದಳು, ಅಜ್ಜನೇ ಮಾಡ್ತಾರಲ್ವೇನೇ, ಬೇರೆ ಯಾರೂ ಬೇಡ ನಂಗೆ. ಹೂಂ ಕಣೇ, ಎಂದಿದ್ದಳು ಎನಿಫಾ, ಈಗ ಅಯೋಡಿನ್ ಬಳಿದ ಕತ್ತು ದೀಪದಡಿ ಕಂದಾಗಿ ಹೊಳೆಯುತ್ತಿದೆ, ತಮಾಂಡಾ ನಿದ್ದೆಗೆ ಜಾರಿದ್ದಾಳೆ, ಬಾಗಿಲ ಗಾಜಿಗೆ ಹಳದಿ ಅಂಗಿಗಳು ಒತ್ತಿಕೊಂಡಿವೆ, ಯಾರೋ ಕೈ ಬೀಸಿದರು, ಅಜ್ಜ ಕತ್ತಿನ ಚರ್ಮವನ್ನು ಎಡಗೈ ಬೆರಳಿನಿಂದ ಬಿಗಿಹಿಡಿದು, ತಲೆ ಎತ್ತದೆ, ಬಲಗೈ ಚಾಚಿದರು. ಚಾಕು ಅವಳ ಬೆರಳ ನಡುವೆ ಇದೆ, ಒಂದು ಗೇಣು ದೂರ, ಕೊಟ್ಟುಬಿಟ್ಟರೆ ಯಾರೂ ಅವಳನ್ನು ಕೇಳುವುದಿಲ್ಲ, ಕೊಟ್ಟುಬಿಟ್ಟರೆ ಕೊಳವೆಬಾವಿ, ದಾರ, ಬರುವ ಜೂನು, ಎಲ್ಲ ಉಳಿಯುತ್ತದೆ — ತೋಳು ತಾನಾಗಿ ಮೇಜನ್ನು ದಾಟಿತು, ಎದುರು ನಿಂತ ಕಲುವಾನ ಕಡೆಗೆ, ಅವನ ಮುಷ್ಟಿ ಬಿಗಿದೇ ಇತ್ತು, ಹಿಡ್ಕೋ, ಎಂದಳು, ತನ್ನ ದನಿಯೇ ಅಲ್ಲ ಅದು, ಮುಷ್ಟಿ ಮೆಲ್ಲಗೆ ಬಿಚ್ಚಿತು. ಅಜ್ಜಾ, ಎಲ್ಲಿಂದ ಶುರು ಮಾಡ್ಲಿ, ಕಲುವಾ ಕೇಳುತ್ತಿದ್ದಾನೆ, ಗಾಜಿನಾಚೆ ಯಾರೂ ಈಗ ಕೈ ಬೀಸುತ್ತಿಲ್ಲ, ಕತ್ತಿನ ಮೇಲೆ ಕಲುವಾ ಎಳೆಯುವ ಕೆಂಪು ಗೆರೆ ನೇರವಾಗಿ, ಅಳುಕದೆ ತೆರೆಯುತ್ತಿದೆ, ಅದನ್ನೇ ನೋಡಬೇಕು ಅವಳು, ಬಟ್ಟೆ ಒತ್ತಬೇಕು, ಒತ್ತುತ್ತಾಳೆ, ಕಣ್ಣು ಮಾತ್ರ ಅಲ್ಲಿಲ್ಲ, ಅಜ್ಜನ ಆ ಕೈ, ಹಿಂದೆ ಹೋಗುವುದಿಲ್ಲ ಅದು, ದೀಪದ ಬೆಳಕಿನಲ್ಲಿ ಚಾಚಿಕೊಂಡೇ ಇದೆ, ಅಂಗೈ ಮೇಲಾಗಿ, ಖಾಲಿ, ನಡುಗುತ್ತ, ಆ ಕೈ —