ಹಬ್ಬದ ಪಾಳಿ

“ಗುರುವಾರ ನೀನು ಈ ಕಡೆ ಸುಳೀಲೇಬೇಡ,” ಎಂದ ಡ್ವೇನ್, ಏನೋ ದೊಡ್ಡ ಉಡುಗೊರೆ ಕೊಟ್ಟವನ ಹಾಗೆ. “ಹಬ್ಬದ ವಾರ ಪೂರ್ತಿ ಕಂಪ್ಯೂಟರೇ ನೋಡ್ಕೊಳ್ಳುತ್ತೆ. ನಿನ್ನ ಮಾತು ಈಗಲೇ ರೆಕಾರ್ಡ್ ಮಾಡಿಟ್ಟು ಹೋಗು. ಈ ವರ್ಷವಾದ್ರೂ ಅಮ್ಮನ ಜೊತೆ ಕೂತು ಊಟ ಮಾಡು ಮಾರಾಯ್ತಿ.”

ಅರ್ಲೀನ್ ಬೇಡ ಎನ್ನಲು ಬಾಯಿ ತೆರೆದಳು. ಆದರೆ ಏನಂತ ಹೇಳುವುದು? ಡ್ವೇನ್ ಒಳ್ಳೆಯ ಮ್ಯಾನೇಜರು, ಪಾಪ. ಒಳ್ಳೆಯವರಿಂದಲೇ ಇಂಥ ಫಜೀತಿ. ಉತ್ತರ ಡಕೋಟದ ಆ ಪುಟ್ಟ ರೇಡಿಯೋ ಕೇಂದ್ರದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರವೆಂದರೆ ಎಲ್ಲ ಹೊರಗಿನ ಸರಕು. ದೊಡ್ಡ ಊರಿನವರ ವಾದ್ಯಗೋಷ್ಠಿ, ಹಬ್ಬದೂಟದ ಟರ್ಕಿ ಕೋಳಿ ಸುಟ್ಟುಕೊಂಡವರ ಗೋಳು, ಯಾರು ಯಾರಿಗೆ ಋಣಿ ಎಂಬ ಕತೆಗಳು. ನಡುವೆ ಗಂಟೆಗೊಮ್ಮೆ ಕೇಂದ್ರದ ಹೆಸರು, ಹವಾಮಾನ, ಒಂದು ಶುಭಾಶಯ. ಅಷ್ಟು ಮಾತ್ರ ಅರ್ಲೀನಳದು. ಅಷ್ಟಕ್ಕಾಗಿಯೇ ಅವಳು ವರ್ಷ ವರ್ಷ ಈ ಪಾಳಿಯನ್ನು ಕೇಳಿ ಪಡೆಯುತ್ತಿದ್ದಳು.

ಯಾಕೆಂದರೆ ವೃದ್ಧಾಶ್ರಮದಲ್ಲಿದ್ದ ಅವಳ ತಾಯಿ ಬೋರ್ಗಿಲ್ಡ್‌ಗೆ ಮಗಳ ಮುಖ ಮರೆತುಹೋಗಿತ್ತು. ಎದುರಿಗೆ ಹೋಗಿ ಕೂತರೆ, “ನೀವು ಚರ್ಚಿನವರಾ?” ಎಂದು ಮರ್ಯಾದೆಯಿಂದ ವಿಚಾರಿಸುತ್ತಿದ್ದಳು. ರೇಡಿಯೋದ ದನಿ ಮಾತ್ರ ಮರೆತಿರಲಿಲ್ಲ. “ನೀನು ಮಾತಾಡಿದಾಗೆಲ್ಲ ರೇಡಿಯೋ ಮೇಲೆ ಕೈಯಿಟ್ಟು ‘ನಮ್ಮ ಹುಡುಗಿ’ ಅಂತಾರೆ ಕಣೆ,” ಎಂದಿದ್ದಳು ದಾದಿ ನೆಟ್ಟಿ. ಮಗಳಾಗಿ ಉಳಿಯಲು ಅರ್ಲೀನಳಿಗೆ ಉಳಿದಿದ್ದ ಜಾಗ ಅದೊಂದೇ. ಅದನ್ನು ಡ್ವೇನನ ಮುಂದೆ ಹೇಳಿಕೊಳ್ಳಲು ನಾಲಿಗೆ ಏಳಲಿಲ್ಲ. ಆ ಸೋಮವಾರವೇ ಮೈಕಿನ ಮುಂದೆ ಕೂತು ಗುರುವಾರದ ಎಲ್ಲ ಮಾತನ್ನೂ ಒಟ್ಟಿಗೆ ಆಡಿ ಮುಗಿಸಿದಳು.

ಹಬ್ಬದ ದಿನ ಅಮ್ಮನೇ ಹೆಣೆದ ನೀಲಿ ಸ್ವೆಟರ್ ಹಾಕಿಕೊಂಡು ವೃದ್ಧಾಶ್ರಮಕ್ಕೆ ಹೋದಳು. ಅದನ್ನಾದರೂ ಗುರುತು ಹಿಡಿದಾಳು ಎಂಬ ಆಸೆ. ಊಟದ ಮನೆಯಲ್ಲಿ ಎಲ್ಲರ ತಟ್ಟೆಯ ಪಕ್ಕ ಕಾಗದದ ಟರ್ಕಿ ಕೋಳಿ. ಬೋರ್ಗಿಲ್ಡ್ ಪಕ್ಕದಲ್ಲಿ ಅವಳ ರೇಡಿಯೋ.

“ಅಮ್ಮಾ, ನಾನು. ಅರ್ಲೀನ್.”

ಮುದುಕಿ ನಕ್ಕಳು. “ಹಬ್ಬದ ದಿನ ಮುದುಕಿ ಸಿಕ್ಕಳು ಅಂತ ತಮಾಷೆನಾ? ಅರ್ಲೀನ್‌ಗೆ ಇವತ್ತು ಕೆಲಸ ಕಣ್ರೀ.”

“ಇಲ್ಲಮ್ಮ, ಈ ವರ್ಷ ರಜೆ ಕೊಟ್ಟಿದ್ದಾರೆ. ನೋಡು, ಈ ಸ್ವೆಟರ್ ನೀನೇ…”

“ಶ್! ಸುಮ್ಮನಿರಿ ಸ್ವಲ್ಪ. ನನ್ನ ಮಗಳು ಮಾತಾಡ್ತಿದ್ದಾಳೆ!”

ರೇಡಿಯೋದಲ್ಲಿ ಅರ್ಲೀನ್ ಮಾತಾಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಭಾರೀ ಹಿಮ, ದಾರಿಯಲ್ಲಿರುವವರು ಹುಷಾರು, ನಿಮ್ಮವರ ಜೊತೆ ಕೂತು ಹೊಟ್ಟೆತುಂಬ ಉಣ್ಣಿ. ಸೋಮವಾರದ ಅಂದಾಜು ಅದು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ತನ್ನ ದನಿಯ ಮೇಲೆ ತನಗೇ ಹೊಟ್ಟೆಕಿಚ್ಚು ಬರುವುದೆಂದರೆ ಏನು ಗ್ರಹಚಾರ!

“ಕೇಳಿದ್ರಾ? ಹಿಮ ಬೀಳುತ್ತಂತೆ. ಬೇಗ ಹೊರಟುಬಿಡಿ,” ಎಂದಳು ಬೋರ್ಗಿಲ್ಡ್.

“ಎಷ್ಟು ಬಿಸಿಲಿದೆ ನೋಡಿ ಹೊರಗೆ!” ಎಂದಳು ಅರ್ಲೀನ್, ಹೊರಗಿನವಳ ಹಾಗೆ.

“ಬಿಸಿಲಿಗೇನು ಗೊತ್ತು? ನನ್ನ ಮಗಳು ಹೇಳಿದ್ಮೇಲೆ ಮುಗೀತು.” ತನ್ನ ಪಾಲಿನ ಕುಂಬಳಕಾಯಿಯ ಸಿಹಿ ಪೈಯನ್ನು ಮುಟ್ಟದೆ ಕಾಗದದ ಕರವಸ್ತ್ರದಲ್ಲಿ ಸುತ್ತತೊಡಗಿದಳು. “ರೇಡಿಯೋ ಸ್ಟೇಷನ್ ನಿಮ್ಮ ದಾರೀಲೇ ಅಲ್ವಾ? ಇದನ್ನ ಅವಳಿಗೆ ಕೊಟ್ಟುಬಿಡಿ. ಎಲ್ಲರಿಗೂ ಉಣ್ಣಿ ಉಣ್ಣಿ ಅಂತಾಳೆ, ತಾನು ಉಂಡಿರಲ್ಲ. ಒಬ್ಬಳೇ ಕೂತಿರ್ತಾಳೆ ಪಾಪ.”

“ಕೊಡ್ತೀನಿ,” ಎಂದಳು ಅರ್ಲೀನ್. ಪೊಟ್ಟಣವನ್ನು ಕೋಟಿನ ಜೇಬಿಗಿಟ್ಟುಕೊಂಡು ಎದ್ದಳು.

ಸ್ಟೇಷನ್ನಿನ ಬೀಗ ತೆಗೆದಾಗ ಒಳಗೆ ಕಂಪ್ಯೂಟರ್ ತನ್ನ ಪಾಡಿಗೆ ಯಾರದೋ ಪಿಟೀಲು ನುಡಿಸುತ್ತಿತ್ತು. ಅವಳು ಕೋಟು ಕೂಡ ಬಿಚ್ಚದೆ ತನ್ನ ಕುರ್ಚಿಯಲ್ಲಿ ಕೂತು ಗಂಟೆಯಾಗುವುದನ್ನೇ ಕಾದಳು. ರೆಕಾರ್ಡಿನ ಮಾತು ಶುರುವಾಗುವ ಮೊದಲೇ ಅದನ್ನು ತಡೆದು ಮೈಕ್ ತೆರೆದಳು. ಕೆಂಪು ದೀಪ ಹತ್ತಿತು. ನಾಳೆ ಡ್ವೇನ್ ಬೈದರೆ ಬೈದುಕೊಳ್ಳಲಿ.

ಕೇಂದ್ರದ ಹೆಸರು ಹೇಳಿದಳು. ಹಿಮ ಇಲ್ಲ, ಒಳ್ಳೆಯ ಬಿಸಿಲಿದೆ ಎಂದಳು. ಆಮೇಲೆ, “ಪೈ ಬಂತಮ್ಮ. ಈಗ ತಿಂತೀನಿ,” ಎಂದಳು.

ಮೈಕ್ ಆರಿಸಿ ಕಾಗದ ಬಿಚ್ಚಿದಳು. ಪೈ ಒಂದು ಕಡೆ ಜಜ್ಜಿಹೋಗಿತ್ತು. ಚಮಚ ಇರಲಿಲ್ಲ, ಕೈಯಲ್ಲೇ ಮುರಿದು ಬಾಯಿಗಿಟ್ಟುಕೊಂಡಳು.