ಕಲ್ಲು ಪಾಲು

ಆ ಬೆಳಿಗ್ಗೆ ಇಬ್ಬನಿ ಹೆಪ್ಪುಗಟ್ಟಿ ಹೊಲವೆಲ್ಲ ಉಪ್ಪು ಎರಚಿದ ಹಾಗೆ ಬೆಳ್ಳಗಿತ್ತು. ನದಿಯಾಚೆಯ ಕೆನಡಾ ಕಣ್ಣಿಗೆ ಬೀಳುತ್ತಿರಲಿಲ್ಲ. ಅಲ್ಲಿನ ಚರ್ಚಿನ ಗಂಟೆ ಮಾತ್ರ ಮಂಜಿನೊಳಗಿಂದ ಒಂದಿಷ್ಟು ಕೇಳಿಸಿ ಸುಮ್ಮನಾಯಿತು. ನೆಲ ಬಿಸಿಲು ಕಾಣದೆ ಅಗೆಯುವ ಯಂತ್ರ ಇಳಿಸುವಂತಿಲ್ಲ. ಚಳಿಯಲ್ಲಿ ಪೆಟ್ಟು ತಿಂದ ಆಲೂಗಡ್ಡೆ ಒಳಗೊಳಗೇ ಕಪ್ಪಾಗುತ್ತದೆ. ಗೆಡ್ಡೆ ಆಯುವವರೆಲ್ಲ ಸಾಲಿನಲ್ಲಿ ತಮಗೆ ಅಳೆದುಕೊಟ್ಟ ಪಾಲಿನ ತುದಿಯಲ್ಲಿ ಬುಟ್ಟಿ ಬೋರಲು ಹಾಕಿ ಕೂತಿದ್ದರು. ಡೆಲ್ಫೀನ್ ಒಬ್ಬಳೇ ನಿಂತಿದ್ದಳು.

"ಏನಮ್ಮ ಪ್ರೊಫೆಸರಮ್ಮ, ಕಾಲಿಗೆ ಇರುವೆ ಹತ್ತಿದೆಯಾ?" ಎಂದ ಹೊಲದ ಯಜಮಾನ ರೆನೋ, ಅವಳ ಸೋದರಮಾವ.

"ಒಂಬತ್ತಕ್ಕೆ ಪರೀಕ್ಷೆ, ಮಾವ. ಇವತ್ತು ಕೂರದಿದ್ರೆ ಕ್ಲಾಸಿಂದ ಹೆಸರು ತೆಗೀತಾರೆ."

"ಆಲೂಗಡ್ಡೆ ಕೀಳೋ ಹೊತ್ತಲ್ಲಿ ಪರೀಕ್ಷೆ ಇಡೋರು ಯಾರೇ ಅವರು? ಗಾಳಿ ತಿಂದ್ಕೊಂಡು ಬದುಕ್ತಾರಾ?" ಸುತ್ತಲಿದ್ದವರು ನಕ್ಕರು. ಮಾವ ನಗಲಿಲ್ಲ. "ನೋಡು, ಯಂತ್ರ ಸುತ್ತು ಹಾಕ್ಕೊಂಡು ಬರೋದ್ರೊಳಗೆ ಪಾಲು ಖಾಲಿ ಇರ್ಬೇಕು. ಇಲ್ಲಾಂದ್ರೆ ನಾಳೆಯಿಂದ ಅಲ್ಲಿ ಬೇರೆಯವರು ನಿಲ್ತಾರೆ. ಅಕ್ಕನ ಮಗಳಾದ್ರೂ ಅಷ್ಟೇ."

ಡೆಲ್ಫೀನಳ ಪಾಲು ದಿಬ್ಬದ ಮಗ್ಗುಲಿಗಿತ್ತು. ಅಲ್ಲಿ ಗೆಡ್ಡೆಗಿಂತ ಕಲ್ಲೇ ಹೆಚ್ಚು. ತುಂಬಿದ ಪೀಪಾಯಿಯ ಮೇಲೆ ಆಯ್ದವರು ತಮ್ಮ ನಂಬರಿನ ಚೀಟಿ ಸಿಕ್ಕಿಸಬೇಕು. ಸಂಜೆ ಲಾರಿಯವನು ಚೀಟಿ ನೋಡಿ ಪೀಪಾಯಿಗಿಷ್ಟು ಎಂದು ಕೂಲಿಯ ಲೆಕ್ಕ ಹಿಡಿಯುತ್ತಾನೆ. ಯಾವ ಪಾಲಿನಲ್ಲಿ ಎಷ್ಟು ಕಲ್ಲಿತ್ತು ಎಂದು ಚೀಟಿ ಹೇಳುವುದಿಲ್ಲ.

ಪಕ್ಕದ ಪಾಲು ನೋಯೆಲಾಳದು. ಮಗುವಾಗಿದ್ದಾಗಿನಿಂದ ಜೊತೆಗಾತಿ. ಈಗ ಅವಳು ಬೇಕೆಂದೇ ಕೈಗವಸು ಸರಿಮಾಡಿಕೊಳ್ಳುತ್ತಾ ತಲೆ ತಗ್ಗಿಸಿದ್ದಳು.

ಹೋದ ವಸಂತದಲ್ಲಿ ಇಬ್ಬರೂ ಒಟ್ಟಿಗೇ ಕ್ಯಾಲ್ಕುಲಸ್‌ಗೆ ಹೆಸರು ಕೊಟ್ಟಿದ್ದರು. ಊರಿನ ಹೈಸ್ಕೂಲಿನಲ್ಲಿ ಅದನ್ನು ಕಲಿಸುವವರಿಲ್ಲ. ದಕ್ಷಿಣದ ದೊಡ್ಡ ಶಾಲೆಯೊಂದರಿಂದ ಪರದೆಯ ಮೇಲೆ ಪಾಠ ಬರುತ್ತದೆ. "ನೀನು ಕೂತ್ರೆ ನಾನೂ ಕೂರ್ತೀನಿ" ಎಂದಿದ್ದಳು ನೋಯೆಲಾ. ಎರಡನೆಯ ವಾರಕ್ಕೇ ಬಿಟ್ಟು ವ್ಯವಹಾರ ಗಣಿತಕ್ಕೆ ಹೋದಳು. ಅಲ್ಲಿ ಅವಳಿಗೆ ಪ್ರತಿ ಸಲವೂ ನೂರಕ್ಕೆ ನೂರು. ಇಲ್ಲಿ ಡೆಲ್ಫೀನಳಿಗೆ ಎಪ್ಪತ್ತರ ಆಸುಪಾಸು. ಊರಿನ ಶಾಲೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಅಷ್ಟು ವರ್ಷ ಡೆಲ್ಫೀನಳದಾಗಿದ್ದ ಮೊದಲ ಸ್ಥಾನ ಈಗ ನೋಯೆಲಾಳದು.

ಸೇತುವೆ ಕಟ್ಟುವುದನ್ನು ಕಲಿಸುವ ಕರಾವಳಿಯ ಕಾಲೇಜೊಂದರ ಮೇಲೆ ಡೆಲ್ಫೀನಳ ಮನಸ್ಸಿತ್ತು. ಕಾಲೇಜಿಗೆ ದಾರಿ ಹೇಳಬೇಕಾದ ಸಿರ್ವಾ ಮೇಷ್ಟ್ರು ಕನ್ನಡಕ ಒರೆಸುತ್ತಾ ಹೇಳಿದ್ದರು, "ಎಷ್ಟು ಕಷ್ಟದ ವಿಷಯ ತಗೊಂಡಿದ್ದೀಯ ಅಂತ ಅವರು ನೋಡ್ತಾರಮ್ಮ. ಅಂಕಾನೂ ನೋಡ್ತಾರೆ."

"ಮೊದಲು ಯಾವುದು ನೋಡ್ತಾರೆ, ಸರ್?"

"ಅದು ಅರ್ಜಿ ಓದೋರ ಮನಸ್ಸು. ನನ್ನ ಕೇಳಿದ್ರೆ, ಬಿಟ್ಟುಬಿಡು ಅಂತೀನಿ. ಮೊದಲನೆಯವಳು ಅನ್ನೋದು ಯಾರಿಗಾದ್ರೂ ಅರ್ಥವಾಗತ್ತೆ."

ಅವಳು ಬಿಡಲಿಲ್ಲ. ಯಾಕೆಂದು ಮನೆಯವರಿಗೂ ಬಿಡಿಸಿ ಹೇಳಲಾಗಲಿಲ್ಲ.

ಒಂಬತ್ತಕ್ಕೆ ಸ್ವಲ್ಪ ಮುಂಚೆ ಬಿಸಿಲು ಬಿತ್ತು, ಯಂತ್ರ ಗುರುಗುಟ್ಟಿತು. ಅವಳ ಪಾಲಿನ ಮಣ್ಣು ಮಗುಚಿಕೊಂಡು ಗೆಡ್ಡೆಗಳು ಮೇಲೆ ಬರುವ ಹೊತ್ತಿಗೇ ಡೆಲ್ಫೀನ್ ಬುಟ್ಟಿಯನ್ನು, ಅದರ ಹಿಡಿಗೆ ಕಟ್ಟಿದ್ದ ಚೀಟಿಗಳ ಡಬ್ಬಿಯನ್ನು ಅಲ್ಲೇ ಬಿಟ್ಟು ನಡೆದಳು. ಬೆನ್ನ ಮೇಲೆ ಎಲ್ಲರ ಕಣ್ಣೂ ಇತ್ತು.

ಶಾಲೆಗೆ ಕೊಯ್ಲಿನ ರಜೆ, ಬಾಗಿಲು ಹಾಕಿತ್ತು. ಪಾದ್ರಿಗಳು ಊರಿನ ಚರ್ಚಿನ ನೆಲಮಾಳಿಗೆಯ ಕೀಲಿ ಕೊಟ್ಟಿದ್ದರು. ಮಡಚಿಟ್ಟ ಕುರ್ಚಿಗಳ ನಡುವೆ ಅವಳು ಎರಡು ಕುರ್ಚಿ ಬಿಡಿಸಿದಳು. ಒಂದೇ ಸಾಕಾಗಿತ್ತು, ಕೈಗೆ ಹಳೆಯ ರೂಢಿ. ಪರದೆ ಹೊತ್ತಿಕೊಂಡಾಗ ದಕ್ಷಿಣದ ಮಕ್ಕಳು ಒಬ್ಬರಿಗೊಬ್ಬರು ಆತುಕೊಂಡು ಏನಕ್ಕೋ ನಗುತ್ತಿದ್ದರು. ಅವರ ಗೋಡೆಯ ಮೇಲೆ ತಾನೊಂದು ಪುಟ್ಟ ಚೌಕ ಎಂಬುದು ಅವಳಿಗೆ ಗೊತ್ತಿತ್ತು.

"ಆಲೂಗಡ್ಡೆಗೆ ರಜೆ ಕೊಡ್ತಾರಂತೆ! ನಮಗೂ ಪಿಜ್ಜಾಗೆ ಒಂದು ರಜೆ ಕೊಡಿ ಮೇಡಂ" ಎಂದ ಒಬ್ಬ. ಕೋಣೆಯೆಲ್ಲ ನಕ್ಕಿತು. ಇವಳೂ ತುಸು ತಡವಾಗಿ ನಕ್ಕಳು. ಅದು ಅಲ್ಲಿಗೆ ತಲುಪಿದಂತೆ ಕಾಣಲಿಲ್ಲ.

ಮೂಲೆಯಲ್ಲಿ ಬಣ್ಣ ಕಳೆದುಕೊಂಡ ಸಂತ ಆನ್ನಳ ಮೂರ್ತಿ ಇತ್ತು, ಮಡಿಲಲ್ಲಿ ಪುಸ್ತಕ ತೆರೆದು ಮಗಳು ಬಾಲೆ ಮೇರಿಗೆ ಓದು ಕಲಿಸುತ್ತಿರುವಂಥದ್ದು. ಒಬ್ಬಳೇ ಗುರು, ಒಬ್ಬಳೇ ಶಿಷ್ಯೆ. ದೇವರ ತಾಯಿ ಮೇರಿಯೂ ಹೀಗೆ ಪಕ್ಕದಲ್ಲಿ ಯಾರೂ ಇಲ್ಲದೆ ಓದಿದವಳೇ ಅಲ್ಲವೇ ಎಂದುಕೊಂಡಾಗ ಡೆಲ್ಫೀನಳ ಉಸಿರು ನಿಧಾನವಾಯಿತು. ಶಿಲುಬೆಯ ಗುರುತು ಮಾಡಿಕೊಂಡು ಬರೆಯಲು ಕೂತಳು.

ಕೊನೆಯ ಪ್ರಶ್ನೆ ಅರ್ಧಕ್ಕೇ ನಿಂತಿತು. ಪರದೆ ಎಪ್ಪತ್ತೊಂದು ಎಂದಿತು. ಎಪ್ಪತ್ತರ ಗೆರೆ ದಾಟಿ ಕ್ಲಾಸಿನಲ್ಲಿ ಉಳಿದಳು, ಅಂಚಿನಲ್ಲಿ. ಮೊದಲ ಸ್ಥಾನ ಇನ್ನು ತನಗೆ ಮರಳುವುದಿಲ್ಲ. ಆ ಕಾಲೇಜಿನಲ್ಲಿ ಯಾರೋ ಕೂತು ಈ ಎಪ್ಪತ್ತೊಂದರ ಹಿಂದಿನ ಕಲ್ಲುಗಳನ್ನು ನೋಡುತ್ತಾರೋ ಇಲ್ಲವೋ, ಅದು ಹಿಮ ಕರಗುವವರೆಗೆ ತಿಳಿಯುವಂತಿಲ್ಲ. ಖಾಲಿ ಕುರ್ಚಿಯನ್ನು ಮಡಚಿ ಒರಗಿಸಿ, ದೀಪ ಆರಿಸಿದಳು.

ಹೊಲಕ್ಕೆ ಬಂದಾಗ ಯಂತ್ರ ಆಗಲೇ ತಿರುಗಿ ಬಂದು ಮುಂದಕ್ಕೆ ಹೋಗಿತ್ತು. ಅವಳ ಪಾಲು ಗುಡಿಸಿದಂತೆ ಖಾಲಿ. ಬದಿಯಲ್ಲಿ ಪೀಪಾಯಿಗಳು ತುಂಬಿ ನಿಂತಿದ್ದವು, ಒಂದೊಂದರ ಮೇಲೂ ಅವಳದೇ ನಂಬರು. ನೋಯೆಲಾಳ ಸ್ವಂತ ಪಾಲು ಅರ್ಧವೂ ಮುಗಿದಿರಲಿಲ್ಲ. ಅವಳು ಮಂಡಿಯೂರಿ ಆಯುತ್ತಲೇ ಇದ್ದಳು, ಹರಿದ ಕೈಗವಸಿನಿಂದ ಬೆರಳು ಹೊರಬಂದಿತ್ತು.

"ಇದೇನೇ?"

"ನಿನ್ನ ಪಾಲಲ್ಲಿ ಬರೀ ಕಲ್ಲೇ ಕಣೆ, ಮಾರಾಯ್ತಿ" ಎಂದಳು ನೋಯೆಲಾ, ತಲೆ ಎತ್ತದೆ. "ದಿನಾ ಹೆಂಗೆ ಆಯ್ತೀಯ ಇದನ್ನ?" ಆಮೇಲೆ ಮೆಲ್ಲಗೆ, "ಪಕ್ಕದಲ್ಲಿ ಕೂರ್ತೀನಿ ಅಂದಿದ್ದೆ. ಹೆದರಿಕೆಯಾಯ್ತು. ನನಗೂ ಕಾಲೇಜು ಬೇಕು."

"ಗೊತ್ತು ಬಿಡು."

"ಪಾಸಾ?"

"ಹೂಂ. ಉಸಿರು ಉಳೀತು."

ಡೆಲ್ಫೀನ್ ಪೀಪಾಯಿಯಿಂದ ಪೀಪಾಯಿಗೆ ನಡೆದು ತನ್ನ ಚೀಟಿಗಳನ್ನು ಒಂದೊಂದಾಗಿ ಕಿತ್ತು ಜೇಬಿಗೆ ಹಾಕಿಕೊಂಡಳು. ಹಿಂದಿರುಗಿ ಬಂದು, ನೋಯೆಲಾಳ ಬುಟ್ಟಿಯ ಹಿಡಿಯಲ್ಲಿದ್ದ ಡಬ್ಬಿ ತೆರೆದು ಅವಳ ನಂಬರಿನ ಚೀಟಿಗಳನ್ನು ತೆಗೆದು, ಆ ಕಲ್ಲುಪಾಲಿನ ಪೀಪಾಯಿಗಳ ಮೇಲೆಲ್ಲ ಸಿಕ್ಕಿಸಿದಳು.